ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಬದಲಿಸೋದು

ಇಂದಿರಾನಗರದಿಂದ ಜಯನಗರಕ್ಕೆ ಹೋಗುವಾಗ ಮೆಜೆಸ್ಟಿಕ್‌ನಲ್ಲಿ ಗೇಟ್ ದಾಟಿ ಹೊರಗೆ ಬರಬೇಕಾ ಅಂತ ಕೇಳಿದ್ರಿ. ಬೇಡ, ಒಳಗೇ ಬದಲಿಸಬಹುದು. ಕಾರ್ಡ್ ಜೇಬಲ್ಲೇ ಇರಲಿ. ಎರಡು ಮಾರ್ಗಗಳೂ ಒಂದರ ಮೇಲೊಂದು ಇವೆ. ನೀವು ಇಂದಿರಾನಗರದಿಂದ ಬರುವ ನೇರಳೆ ಮಾರ್ಗ ಮೇಲೆ, ಜಯನಗರಕ್ಕೆ ಹೋಗುವ ಹಸಿರು ಮಾರ್ಗ ಅದರ ಕೆಳಗೆ. ಇಳಿದ ಮೇಲೆ ಜನರ ಹಿಂದೆ ಸುಮ್ನೆ ಹೋಗಬೇಡಿ, ಅರ್ಧ ಜನ ಬಸ್ ಸ್ಟ್ಯಾಂಡ್ ಕಡೆ ಹತ್ತುತ್ತಾರೆ! ಹಸಿರು ಬೋರ್ಡ್ ನೋಡಿ ಕೆಳಗಿಳಿಯಿರಿ. ‘ರೇಷ್ಮೆ ಸಂಸ್ಥೆ’ (ಆ ದಿಕ್ಕಿನ ಕೊನೆ ನಿಲ್ದಾಣ) ಅಂತ ಬರೆದಿರುವ ಪ್ಲಾಟ್‌ಫಾರ್ಮಿಗೆ ಬರುವ ರೈಲು ನಿಮ್ಮದು.

ಅಲ್ಲಿ ಕೆರೆ ಇತ್ತಾ ಅಂದ್ರಲ್ಲ, ಹೌದು, ಧರ್ಮಾಂಬುಧಿ ಕೆರೆ. ಅದು ಬತ್ತಿದ ಮೇಲೆ ಅಲ್ಲಿ ಬಸ್ ನಿಲ್ದಾಣ ಬಂತು. ನೆಲದಡಿಯ ನೇರಳೆ ಮಾರ್ಗ ಶುರುವಾಗಿದ್ದು 2016ರಲ್ಲಿ, ಹಸಿರು 2017ರಲ್ಲಿ. ಮೆಜೆಸ್ಟಿಕ್ ಅನ್ನೋ ಹೆಸರು ಮಾತ್ರ ಹಳೇ ಸಿನಿಮಾ ಟಾಕೀಸಿನದು.