ಐದನೇ ತಿಂಗಳಲ್ಲಿ ಜಿಂಕ್ 58 ಬಂದಿದೆ, ಮಗುವಿಗೆ ತೊಂದರೆ ಆಗುತ್ತಾ?

ಚಿತ್ರದುರ್ಗದಿಂದ ಕೇಳಿದ್ದೀರಿ: ಐದನೇ ತಿಂಗಳು, ಜಿಂಕ್ 58, ತಾಮ್ರ 190, ಹಿಮೋಗ್ಲೋಬಿನ್ ಅಂದರೆ ಎಚ್‌ಬಿ 9.4. ಮಗುವಿನ ತೂಕ ಕಡಿಮೆ ಆಗುತ್ತಾ, 50 ಮಿ.ಗ್ರಾಂ ಜಿಂಕ್ ಮಾತ್ರೆ ತಗೊಳ್ಳಲಾ ಅಂತ.

ಜಿಂಕ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ರಿಪೋರ್ಟಿನಲ್ಲಿ ಸಾಮಾನ್ಯವಾಗಿ ಅಚ್ಚಾಗಿರುವ 70ರ ಗೆರೆ ಬಸುರಿಯರಿಗಲ್ಲ. ಬಸುರಿನಲ್ಲಿ ರಕ್ತದ ನೀರಿನಂಶ ಹೆಚ್ಚುವುದರಿಂದ ಜಿಂಕ್ ತೆಳುವಾಗುತ್ತೆ. ನಾಲ್ಕನೇ ತಿಂಗಳಿಂದಾಚೆ 50ಕ್ಕಿಂತ ಇಳಿದರೆ ಕಡಿಮೆ ಅನ್ನಬೇಕು. ತಾಮ್ರ ಏರಿರೋದೂ ಸಹಜವೇ: ಈಸ್ಟ್ರೋಜನ್ ಹೆಚ್ಚಾದಾಗ ತಾಮ್ರ ಹೊರುವ ಪ್ರೋಟೀನನ್ನು ಪಿತ್ತಜನಕಾಂಗ ಜಾಸ್ತಿ ಮಾಡುತ್ತೆ. ಮನೆಯ ತಾಮ್ರದ ಚೊಂಬನ್ನು ದೂರಬೇಕಿಲ್ಲ. 50 ಮಿ.ಗ್ರಾಂ ಜಿಂಕ್ ಮಾತ್ರ ನೀವಾಗಿಯೇ ಶುರುಮಾಡಬೇಡಿ. ದಿನಕ್ಕೆ 40 ದಾಟಬಾರದು, ದಾಟಿದರೆ ತಾಮ್ರ ಹೀರುವುದಕ್ಕೆ ಅಡ್ಡಿ.

ನನ್ನ ಕಣ್ಣು ಹೋಗೋದು 9.4ರ ಮೇಲೆ. 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ದಿನ ತುಂಬುವ ಮೊದಲೇ ಹೆರಿಗೆ, ಎರಡೂವರೆ ಕೆಜಿಗಿಂತ ಕಡಿಮೆ ತೂಕದ ಮಗು, ಇವುಗಳ ಸಾಧ್ಯತೆ ಹೆಚ್ಚೋದು ಇದರಿಂದ. ಆರೋಗ್ಯ ಕೇಂದ್ರದಲ್ಲಿ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆ್ಯಸಿಡ್ ಇರುತ್ತೆ. ನಿಮ್ಮ ಮಟ್ಟಕ್ಕೆ ದಿನಕ್ಕೆ ಎರಡು. ಡಾಕ್ಟರಿಗೆ ತಾಯಿ ಕಾರ್ಡ್ ತೋರಿಸಿ ಬರೆಸಿಕೊಳ್ಳಿ.

ಮಾತ್ರೆ ನುಂಗಿದರೂ ಎಚ್‌ಬಿ ಏರದಿದ್ದರೆ ಮೊದಲು ನೋಡಬೇಕಾದ್ದು ಹೊತ್ತು. ಕ್ಯಾಲ್ಸಿಯಂ ಮಾತ್ರೆ ಜೊತೆಗೇ ನುಂಗಿದರೆ ಕಬ್ಬಿಣ ದೇಹಕ್ಕೆ ಸರಿಯಾಗಿ ಸೇರಲ್ಲ. ರಾಗಿಮುದ್ದೆಯಲ್ಲಿರುವ ಫೈಟೇಟ್ ಅನ್ನೋ ಅಂಶ, ಮಂಡಕ್ಕಿ-ಮಿರ್ಚಿ ಮೇಲಿನ ಚಹಾ, ಇವೂ ತಡೆಯುತ್ತವೆ. ಮುದ್ದೆ ಬಿಡಬೇಡಿ, ಅದರಲ್ಲಿ ಕ್ಯಾಲ್ಸಿಯಂ ಧಾರಾಳ. ಹೀಗೆ ಮಾಡಿ: ಬೆಳಿಗ್ಗೆ ತಿಂಡಿಗೆ ಗಂಟೆ ಮುಂಚೆ ಕಬ್ಬಿಣ, ನಿಂಬೆ ಶರಬತ್ತಿನ ಜೊತೆ; ಮಧ್ಯಾಹ್ನ ಊಟದ ಜೊತೆ ಕ್ಯಾಲ್ಸಿಯಂ; ಸಂಜೆ ಐದಕ್ಕೆ ಮತ್ತೆ ಕಬ್ಬಿಣ, ಚಹಾ ಆರರ ನಂತರ; ರಾತ್ರಿ ಊಟಕ್ಕೆ ಇನ್ನೊಂದು ಕ್ಯಾಲ್ಸಿಯಂ. ವಾಕರಿಕೆ ಬಂದರೆ ಕಬ್ಬಿಣವನ್ನು ಸ್ವಲ್ಪ ತಿಂದ ಮೇಲೆ ತಗೊಳ್ಳಿ, ನಿಲ್ಲಿಸಬೇಡಿ. ಮಲ ಕಪ್ಪಾಗೋದು ಸಹಜ. ತಿಂಗಳಿಗೆ ಎಚ್‌ಬಿ 1 ಗ್ರಾಂ ಆದರೂ ಏರಬೇಕು. ಏರದಿದ್ದರೆ ಬಿ12, ಥಲಸ್ಸೇಮಿಯಾ (ವಂಶವಾಹಿ ರಕ್ತದ ಕಾಯಿಲೆ), ಜಂತುಹುಳು ಬಗ್ಗೆ ಕೇಳಿ. 7ಕ್ಕಿಂತ ಇಳಿದರೆ ಮಾತ್ರೆ ಸಾಲದು, ಆಸ್ಪತ್ರೆಯಲ್ಲೇ ಚಿಕಿತ್ಸೆ.

ಕಲ್ಲುಪ್ಪು ಬಳಸ್ತಿದ್ದರೆ ಅಯೋಡಿನ್ ಉಪ್ಪಿಗೆ ಬದಲಿಸಿ. ಮಗುವಿನ ಮೆದುಳಿಗೆ ಅದು ಬೇಕೇಬೇಕು. ಒಲೆ ಪಕ್ಕ ತೆರೆದಿಡಬೇಡಿ.

ಮನೆಗೆ ಬೋರ್‌ವೆಲ್ ನೀರಾ? ನಿಮ್ಮ ಜಿಲ್ಲೆಯ ಎಷ್ಟೋ ಕಡೆ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿ ದಾಟುತ್ತೆ. ಕುದಿಸಿದರೆ ಹೋಗಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತೆ. ಪರೀಕ್ಷೆ ಮಾಡಿಸಿ, ಅಲ್ಲಿವರೆಗೆ ಕುಡಿಯೋಕೂ ಅಡುಗೆಗೂ ಆರ್‌ಒ ಘಟಕದ ನೀರು ತನ್ನಿ.