ಕಲಬುರಗಿಗೂ ಭಾರತದ ಫುಟ್‌ಬಾಲ್‌ಗೂ ಏನಾದರೂ ನಂಟಿದೆಯಾ?

ತೊಗರಿ, ಬಿಸಿಲು ಬಿಟ್ಟರೆ ನಿಮ್ಮೂರಲ್ಲಿ ಫುಟ್‌ಬಾಲ್‌ನವರು ಯಾರಾದರೂ ಇದ್ದಾರಾ ಅಂತ ಕೇಳಿದ್ದೀರಿ. ಒಂದು ನಂಟಂತೂ ಇದೆ. ನನಗೆ ಗೊತ್ತಾಗಿದ್ದು ಸಾವಿನ ಸುದ್ದಿಯಿಂದ.

2021ರ ಆಗಸ್ಟ್ 22, ಭಾನುವಾರ. ಸೈಯದ್ ಶಾಹಿದ್ ಹಕೀಂ ನಮ್ಮೂರಿನ ಆಸ್ಪತ್ರೆಯೊಂದರಲ್ಲಿ ತೀರಿಕೊಂಡರು. 82 ವರ್ಷವಾಗಿತ್ತು. ಫುಟ್‌ಬಾಲ್ ಮಂದಿಗೆ ಅವರು ಹಕೀಂ ಸಾಬ್. 1960ರ ರೋಮ್ ಒಲಿಂಪಿಕ್ಸ್‌ಗೆ ಹೋದ ಭಾರತ ತಂಡದಲ್ಲಿದ್ದವರು. ಚಿಕ್ಕವನಿದ್ದಾಗ ಎರಡು ಚಪ್ಪಲಿ ಇಟ್ಟು ಗೋಲ್ ಮಾಡಿಕೊಂಡು ಆಡಿದವನು ನಾನು. ಅಂಥವರೊಬ್ಬರು ನಮ್ಮೂರಲ್ಲೇ ಕಣ್ಣು ಮುಚ್ಚಿದರು ಅನ್ನೋದು ಮರುದಿನ ಪೇಪರ್ ನೋಡಿದ ಮೇಲೆ ತಿಳಿಯಿತು.

ಅವರ ತಂದೆಯ ಹೆಸರು ನೀವು ಕೇಳಿರಬಹುದು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಶಾಲೆ ಮಾಸ್ತರರು, ತಾವೂ ಆಡಿದವರು, ಆಮೇಲೆ ಭಾರತದ ಕೋಚ್. 1951 ಮತ್ತು 1962ರ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ, 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ, ಎಲ್ಲ ಅವರ ಕಾಲದ್ದು. 1956ರ ತನಕ ನಾವೂ ಹೈದರಾಬಾದ್ ರಾಜ್ಯದಲ್ಲೇ ಇದ್ದೆವಲ್ಲ, ಹಾಗಾಗಿ ನನಗೆ ಅವರು ಹೊರಗಿನವರು ಅನಿಸೋದಿಲ್ಲ.

ರೋಮ್‌ನಲ್ಲೂ ರಹೀಂ ಸಾಹೇಬರೇ ಕೋಚ್. ಮಗ ಮಿಡ್‌ಫೀಲ್ಡರ್. ಭಾರತ ಮೂರು ಪಂದ್ಯ ಆಡಿತು: ಹಂಗೇರಿ ಎದುರು ಸೋಲು, ಫ್ರಾನ್ಸ್ ಜೊತೆ 1-1 ಡ್ರಾ, ಪೆರು ಎದುರು ಸೋಲು. ಮೂರರಲ್ಲೂ ಹಕೀಂ ಮೈದಾನಕ್ಕೆ ಇಳಿಯಲಿಲ್ಲ. 1962ರಲ್ಲಿ ಜಕಾರ್ತಾದ ಏಷ್ಯನ್ ಗೇಮ್ಸ್‌ಗೆ ಹೋದ ತಂಡದಲ್ಲಂತೂ ಜಾಗವೇ ಸಿಗಲಿಲ್ಲ. ಶಾಲೆ ಟೀಮಿನಲ್ಲಿ ಸದಾ ಬೆಂಚ್ ಮೇಲೆ ಕೂರುವ ನಮ್ಮಣ್ಣನ ಮಗನಿಗೆ ಇದನ್ನು ಹೇಳಿದೆ. "ಕಾಕಾ, ಸ್ವಂತ ಅಪ್ಪನೇ ಆಡಿಸಲಿಲ್ಲೇನು?" ಅಂತ ಕಣ್ಣರಳಿಸಿದ. ತನ್ನ ಪಿ.ಟಿ. ಮಾಸ್ತರರ ಮೇಲಿದ್ದ ಸಿಟ್ಟು ಅವತ್ತು ಸ್ವಲ್ಪ ಇಳಿದಿರಬೇಕು.

ಆದರೆ ಹಕೀಂ ಸಾಬ್ ಆಟ ಬಿಡಲಿಲ್ಲ. ವಾಯುಪಡೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆಗಿದ್ದರು, ಸೇನಾಪಡೆಗಳ ತಂಡವಾದ ಸರ್ವಿಸಸ್ ಪರ ಆಡಿದರು. ಫಿಫಾ ಬ್ಯಾಡ್ಜ್ ಪಡೆದ, ಅಂದರೆ ಅಂತರರಾಷ್ಟ್ರೀಯ ಪಂದ್ಯ ನಡೆಸಬಲ್ಲ ರೆಫರಿಯಾಗಿ ಏಷ್ಯನ್ ಕಪ್‌ನಲ್ಲಿ ಸೀಟಿ ಊದಿದರು. ನನಗೆ ಹೆಚ್ಚು ಇಷ್ಟವಾಗೋದು 1982ರ ದೆಹಲಿ ಏಷ್ಯನ್ ಗೇಮ್ಸ್ ವಿಷಯ. ಆಗ ಭಾರತದ ಕೋಚ್ ಪಿ.ಕೆ. ಬ್ಯಾನರ್ಜಿ, ಅಂದರೆ ರೋಮ್‌ನಲ್ಲಿ ಇವರಿದ್ದ ತಂಡದ ಕ್ಯಾಪ್ಟನ್. ಅವರಿಗೆ ಸಹಾಯಕ ಕೋಚ್ ಹಕೀಂ. ಇಪ್ಪತ್ತೆರಡು ವರ್ಷದ ಮೇಲೆ ಇಬ್ಬರೂ ಲೈನಿನಾಚೆ ಒಟ್ಟಿಗೆ! ಮುಂದೆ ಮಹೀಂದ್ರಾ, ಸಾಲ್ಗಾಂವ್‌ಕರ್ ತಂಡಗಳಿಗೂ ಕೋಚ್ ಆದರು.

2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಬಂತು. ಅದೇ ವರ್ಷ ಭಾರತದಲ್ಲಿ 17 ವರ್ಷದೊಳಗಿನವರ ವಿಶ್ವಕಪ್ ನಡೆಯಿತು. ಅದಕ್ಕೂ ಮೊದಲು ಹುಡುಗರನ್ನು ಹುಡುಕುವ ಕೆಲಸದ ಹೊಣೆಯೂ ಕೆಲ ಕಾಲ ಇವರ ಮೇಲಿತ್ತು, ಎಪ್ಪತ್ತು ದಾಟಿದ ವಯಸ್ಸಿನಲ್ಲಿ.