ಎಂ.ಎಸ್ಸಿ. ಸ್ಟ್ಯಾಟಿಸ್ಟಿಕ್ಸ್ ಮುಗಿಸಿದ್ದೇನೆ. ಪಿಎಚ್.ಡಿ. ಮಾಡಿ ಪ್ರೊಫೆಸರ್ ಆಗಲೋ, ಡೇಟಾ ಸೈನ್ಸ್ ಕೆಲಸ ಹಿಡಿಯಲೋ? ಯಾವುದಕ್ಕೆ ಸ್ಕೋಪ್ ಜಾಸ್ತಿ?

1986ರಲ್ಲಿ ಹಾಸ್ಟೆಲ್ ಕಟ್ಟೆ ಮೇಲೆ ಕೂತು ನಾನೂ ಇದನ್ನೇ ಕೇಳಿದ್ದೆ. ಡೇಟಾ ಸೈನ್ಸ್ ಜಾಗದಲ್ಲಿ ಆಗ ಬ್ಯಾಂಕ್ ಇತ್ತು, ಅಷ್ಟೇ. ಅಪ್ಪ ಬ್ಯಾಂಕ್ ಅಂದರು, ನಾನು ಪಿಎಚ್.ಡಿ. ಅಂದೆ.

ಐದು ವರ್ಷ ಪ್ರಮೇಯಗಳಲ್ಲೇ ಮುಳುಗಿದ್ದೆ. ಹೊಲ, ಆಸ್ಪತ್ರೆ, ಕಾರ್ಖಾನೆ ಯಾವುದರಿಂದಲೂ ಬಂದ ಒಂದೇ ಒಂದು ಅಂಕಿಯನ್ನು ಮುಟ್ಟಿರಲಿಲ್ಲ. ಅದೇ ದೊಡ್ಡಸ್ತಿಕೆ ಅಂತಲೂ ತಿಳಿದಿದ್ದೆ.

ರೀಡರ್ (ಈಗಿನ ಅಸೋಸಿಯೇಟ್ ಪ್ರೊಫೆಸರ್) ಆಗಿದ್ದಾಗ ಕೃಷಿ ಸಂಶೋಧಕರೊಬ್ಬರು ಒಂದು ಹಾಳೆ ತಂದರು. ಶೇಂಗಾ ಪ್ರಯೋಗ, 24 ತಾಕು. ಹನ್ನೆರಡಕ್ಕೆ ಹೊಸ ಗೊಬ್ಬರ, ಉಳಿದ ಹನ್ನೆರಡಕ್ಕೆ ಇಲ್ಲ. "ಇಳುವರಿ ಫರಕು ನಿಜವೋ ಅಲ್ಲವೋ ನೋಡಿಕೊಡಿ ಸರ್." ಚಹಾ ಆರುವುದರೊಳಗೆ ಟಿ-ಟೆಸ್ಟ್ ಮಾಡಿಕೊಟ್ಟೆ; ಎರಡು ಗುಂಪಿನ ಸರಾಸರಿಗಳ ಫರಕು ಬರೀ ಆಕಸ್ಮಿಕವೋ ಅಲ್ಲವೋ ಅಂತ ನೋಡುವ ಪರೀಕ್ಷೆ ಅದು. ಟಿ ಬೆಲೆ 3.1 ಬಂತು, 22 ಡಿಗ್ರೀಸ್ ಆಫ್ ಫ್ರೀಡಂಗೆ (24 ತಾಕಿನಲ್ಲಿ ಎರಡು ಗುಂಪಿನ 2 ಕಳೆದದ್ದು) ಶೇ 1ರ ಮಟ್ಟದಲ್ಲಿ, ಅಂದರೆ ಬರೀ ಆಕಸ್ಮಿಕವಾದರೆ ನೂರಕ್ಕೆ ಒಂದು ಸಲ ಮಾತ್ರ ದಾಟುವ ಗೆರೆ ಅಂತ, ಕೋಷ್ಟಕ ಹೇಳುವುದು 2.82. ಸಲೀಸಾಗಿ ದಾಟಿತ್ತು. ಪ್ರಬಂಧ ಅಚ್ಚಾಯಿತು, ಅದರಲ್ಲಿ ನನ್ನ ಹೆಸರೂ ಇತ್ತು.

ಎರಡು ವರ್ಷದ ಮೇಲೆ ಬೇರೆ ಕಡೆ ಅದೇ ಗೊಬ್ಬರ ಹಾಕಿದವರಿಗೆ ಏನೂ ಹೆಚ್ಚು ಬರಲಿಲ್ಲ. ಆಗ ಮೊದಲ ಸಲ ಆ ಹೊಲಕ್ಕೆ ಹೋದೆ. ಬದುವಿನ ಮೇಲೆ ನಿಂತರೆ ಸಾಕಿತ್ತು: ಹೊಲ ಪೂರ್ವಕ್ಕೆ ಇಳಿಜಾರು, ಗೊಬ್ಬರ ಹಾಕಿದ ಹನ್ನೆರಡೂ ತಾಕು ತಗ್ಗಿನ ಬದಿಗೆ. ಗಾಡಿ ಅಲ್ಲಿವರೆಗೇ ಹೋಗುತ್ತಿತ್ತಂತೆ, ಗೊಬ್ಬರ ಇಳಿಸಲು ಸಲೀಸು. ಕೆಲಸಕ್ಕಿದ್ದ ಅಜ್ಜ ಅಂದ: "ಆ ತೆಗ್ಗಿನ ಕಡೆ ಯಾವಾಗಲೂ ಬೆಳಿ ಚಲೋ ಬರ್ತದ್ರಿ ಸಾಹೇಬ್ರ, ನೀರು ಅಲ್ಲೇ ನಿಂದ್ರತದ. ಗೊಬ್ಬರ ಹಾಕಿದ್ರೂ ಅಷ್ಟ, ಬಿಟ್ರೂ ಅಷ್ಟ."

ಲೆಕ್ಕದಲ್ಲಿ ತಪ್ಪಿರಲಿಲ್ಲ, ಅದನ್ನು ಗಮನಿಸಿ. ಎರಡು ಗುಂಪಿನ ನಡುವೆ ಫರಕು ಇದ್ದದ್ದು ನಿಜ. ಆ ಫರಕು ಗೊಬ್ಬರದ್ದೋ, ತೇವದ್ದೋ ಅಂತ 3.1ಕ್ಕೆ ಹೇಗೆ ಗೊತ್ತಾಗಬೇಕು? ಇಳಿಜಾರಿಗೆ ಅಡ್ಡಲಾಗಿ ಬ್ಲಾಕ್ (ಒಂದೇ ಎತ್ತರದ ತಾಕುಗಳ ಗುಂಪು) ಮಾಡಿ, ಪ್ರತಿ ಬ್ಲಾಕಿನಲ್ಲೂ ಅರ್ಧ ತಾಕುಗಳನ್ನು ಚೀಟಿ ಎತ್ತಿ ಆರಿಸಿದ್ದರೆ ಮುಗಿಯುತ್ತಿತ್ತು. ಈ ಅಧ್ಯಾಯವನ್ನು ನಾನೇ ಪ್ರತಿ ವರ್ಷ ಪಾಠ ಮಾಡುತ್ತಿದ್ದೆ! "ಯಾವ ತಾಕಿಗೆ ಗೊಬ್ಬರ ಅಂತ ಹೇಗೆ ಆರಿಸಿದಿರಿ?" ಅನ್ನುವ ಒಂದು ಮಾತು ಕೇಳಿದ್ದರೆ ಆಗಿತ್ತು. ಕೇಳಲಿಲ್ಲ. ಪ್ರಯೋಗ ಮುಗಿದ ಮೇಲೆ ಸಂಖ್ಯಾಶಾಸ್ತ್ರಜ್ಞನನ್ನು ಕರೆಯುವುದು ಮರಣೋತ್ತರ ಪರೀಕ್ಷೆಗೆ ಕರೆದ ಹಾಗೆ ಅಂತ ಇಂಗ್ಲೆಂಡಿನ ಸಂಖ್ಯಾಶಾಸ್ತ್ರಜ್ಞ ಫಿಷರ್ 1938ರಲ್ಲಿ, ಅದೂ ಕಲ್ಕತ್ತೆಯಲ್ಲೇ, ಹೇಳಿದ್ದರು. ನಾನು ಹೆಣದ ಮುಖವನ್ನೂ ನೋಡದೆ ಸರ್ಟಿಫಿಕೇಟ್ ಬರೆದುಕೊಟ್ಟಿದ್ದೆ.

ಪ್ರಬಂಧ ಹಿಂದಕ್ಕೆ ತೆಗೆದುಕೊಂಡೆವು. ಪ್ರೊಫೆಸರ್ ಹುದ್ದೆಯ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ ಅದರ ಮೇಲೆ. ನಾಲ್ಕು ವರ್ಷ ಹೋಯಿತು. ಸಂಶೋಧಕರ್‍ಯಾರೂ ಹಾಳೆ ಹಿಡಿದು ನನ್ನ ಕೋಣೆಗೆ ಬರುವುದನ್ನೂ ಬಿಟ್ಟರು. ನನಗೆ ಹೆಚ್ಚು ನೋವಾದದ್ದು ಅದಕ್ಕೆ.

ಹಾಗಾಗಿ ನಿಮ್ಮ 'ಸ್ಕೋಪ್' ಪ್ರಶ್ನೆಯೇ ನನಗೆ ಸರಿಕಾಣುವುದಿಲ್ಲ. ಯಾರೋ ತಂದುಕೊಟ್ಟ ಅಂಕಿಗೆ ಕೂತಲ್ಲೇ ಮುದ್ರೆ ಒತ್ತುವುದಾದರೆ ಎರಡೂ ಒಂದೇ ಕೆಲಸ, ಸಂಬಳ ಬೇರೆ. ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ ಅವರ 1945ರ ಅಸಮಾನತೆ (ಒಂದು ಅಂದಾಜು ಎಷ್ಟರ ಮಟ್ಟಿಗೆ ನಿಖರವಾಗಬಹುದು ಅಂತ ಹೇಳುವ ಗಣಿತ ಸೂತ್ರ) ನಮ್ಮವರಿಗೆಲ್ಲ ಬಾಯಿಪಾಠ. ಮರುವರ್ಷ ಅವರು ಕೇಂಬ್ರಿಜ್‌ಗೆ ಹೋದದ್ದು ಸುಡಾನಿನ ಜೆಬೆಲ್ ಮೋಯಾದಲ್ಲಿ ಅಗೆದು ತೆಗೆದ ಅಸ್ಥಿಪಂಜರಗಳ ಅಳತೆಗಳ ಕೆಲಸಕ್ಕೆ ಅನ್ನುವುದನ್ನು ಯಾರೂ ಹೇಳುವುದಿಲ್ಲ. ಅವರ ಪಿಎಚ್.ಡಿ. ಆದದ್ದೂ ಅಲ್ಲೇ, ಆ ಫಿಷರ್ ಹತ್ತಿರವೇ.

ಸಂಬಳದ ಮಾತು: ಅಸಿಸ್ಟೆಂಟ್ ಪ್ರೊಫೆಸರ್ ಮೂಲವೇತನ ಯುಜಿಸಿ ಏಳನೇ ವೇತನ ಶ್ರೇಣಿಯಲ್ಲಿ 57,700 ರೂಪಾಯಿಯಿಂದ ಶುರು. ಕಾಯಂ ಹುದ್ದೆ ಸಿಗುವ ತನಕ ಅತಿಥಿ ಉಪನ್ಯಾಸಕರಾಗಿ ಸವೆಯುವುದಕ್ಕೂ ತಯಾರಿರಿ. ಉಪನ್ಯಾಸಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ಸಿಎಸ್‌ಐಆರ್ ನೆಟ್‌ನಲ್ಲಿ ನಮ್ಮ ವಿಷಯ ಗಣಿತ ವಿಜ್ಞಾನದೊಳಗೇ ಬರುತ್ತದೆ, ಲೀನಿಯರ್ ಆಲ್ಜಿಬ್ರಾ ಬಿಡಬೇಡಿ.

ಗೈಡ್ ಹುಡುಕಲು ಹೋದಾಗ ಅವರ ಮೇಜಿನ ಮೇಲಿರುವ ಡೇಟಾ ಎಲ್ಲಿಯದು, ತರಲು ತಾವು ಎಲ್ಲಿಗೆ ಹೋಗಿದ್ದಿರಿ ಅಂತ ಕೇಳಿ. "ಡೌನ್‌ಲೋಡ್ ಮಾಡಿಕೊಂಡೆ" ಅಂದರೆ ಕೊಟ್ಟ ಚಹಾ ಕುಡಿದು ಎದ್ದು ಬನ್ನಿ.